ಪರ್ಚ್ ಆದ ಮಾಸ್ತರರು

ಐದನೆಯ ಇಯತ್ತೆಯ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಗುಬ್ಬಿ ಗೋಡೆಯ ಮೇಲೆ ‘ಪರ್ಚ್’ ಆಗಿತ್ತು. ದುಮ್ಮವಾಡದ ಶಂಭುಲಿಂಗಪ್ಪ ಮಾಸ್ತರರ ಫಜೀತಿಗೆಲ್ಲ ಆ ಗುಬ್ಬಿಯೇ ಮೂಲ.

ಅಂದು ಶಾಲೆಯ ತಪಾಸಣೆಗೆ ಸಾಹೇಬರು ಹನ್ನೊಂದರ ಬಸ್ಸಿಗೆ ಬರುವವರಿದ್ದರು. ಮಾಸ್ತರರ ಕಿಸೆಯಲ್ಲಿ ಮೊರಬಕ್ಕೆ ವರ್ಗಾವಣೆ ಬೇಡುವ ಅರ್ಜಿ ಇತ್ತು. ಹೆಂಡತಿ ಶಾರದವ್ವ, ಮೂರು ವರ್ಷದ ಮಗಳು ಇಬ್ಬರೂ ಇರುವುದು ಮೊರಬದಲ್ಲಿ. ತಿಂಗಳಿಗೊಮ್ಮೆ ಮೂರು ಬಸ್ಸು ಬದಲಿಸಿ ಹೋದರೆ ಮಗಳು ಬಾಗಿಲಲ್ಲೇ ನಿಂತು, “ಯವ್ವಾ, ಯಾರೋ ಕಾಕಾ ಬಂದಾರ” ಅನ್ನುತ್ತಿದ್ದಳು. ಆ ಮಾತು ಮಾಸ್ತರರ ಎದೆಯಲ್ಲಿ ಜಾಲಿಮುಳ್ಳಿನಂತೆ ಮುರಿದುಕೊಂಡು ಕೂತಿತ್ತು. ಪಾಠ ಕೇಳಿ ಸಾಹೇಬರು ಖುಷಿಪಟ್ಟರೆ ಅರ್ಜಿ ಕೈಗಿಡುವುದೆಂದು ಲೆಕ್ಕ ಹಾಕಿದ್ದರು.

ಆದರೆ ಪಾಠದಲ್ಲಿ ಈ ಪರ್ಚ್. ಡಿಕ್ಷನರಿ ತೆಗೆದರೆ, ‘ಒಂದು ಜಾತಿಯ ಮೀನು’ ಎಂದಿತ್ತು. ಮುಂದಿನ ಅರ್ಥಗಳನ್ನು ಗೆದ್ದಲು ಓದಿ ಮುಗಿಸಿತ್ತು. ಗುಬ್ಬಿ ಗೋಡೆಯ ಮೇಲೆ ಮೀನಾದದ್ದು ಹೇಗೆ ಎಂದು ಗಟ್ಟಿಯಾಗಿಯೇ ಗೊಣಗಿದರು. ಲಿಂಗ ಕಟ್ಟಿದ ಮನೆತನದ ಮಾಸ್ತರರಿಗೆ ಮೀನಿನ ತಿಳುವಳಿಕೆ ಮೊದಲೇ ಕಡಿಮೆ.

ಎದುರು ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಅಮೋಘಸಿದ್ದಪ್ಪ ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದವನು. ಕೇಳದಿದ್ದರೂ ಹೇಳುವ ಪೈಕಿ.

“ಮೀನಲ್ರಿ ಮಾಸ್ತರ. ಪರ್ಚ್ ಅಂದ್ರ ಹಕ್ಕಿಗತೆ ಎತ್ತರದಾಗ ಹೋಗಿ ಕುಂದ್ರೂದು.”

“ಹಂಗಾರ ‘ಸಿಟ್’ ಅಂದಿದ್ರ ಆಗತಿತ್ತಲ್ಲ?”

“ಅದು ಬಾಯಿಲೆ ಹೇಳಿದ್ರ ತಿಳಿಯಂಗಿಲ್ರಿ. ಏರಿ ತೋರಸ್ರಿ. ಹುಡುಗೂರು ಸಾಯೂತನಕ ಮರಿಯಂಗಿಲ್ಲ.”

ಶಾಲೆಯ ಅಂಗಳದ ಎತ್ತರದ ಹಳೇ ಗೋಡೆಗೆ ನೆರೆಮನೆಯ ಕೆಂಚವ್ವನ ನಿಚ್ಚಣಿಕೆ ಆನಿಸಿತ್ತು. ಹತ್ತೂವರೆಗೆ ಮಕ್ಕಳನ್ನು ಅಂಗಳದಲ್ಲಿ ಕೂಡಿಸಿ, ಧೋತರ ಎತ್ತಿ ಕಟ್ಟಿ, ಮಾಸ್ತರರು ಏರಿಯೇ ಬಿಟ್ಟರು. ಮೇಲೆ ಮೊಣಕಾಲು ಮಡಚಿ ಕೂತು, “ನೋಡ್ರಿ, ನಾ ಈಗ ಪರ್ಚ್ ಆಗೇನಿ” ಎಂದರು. ಮಕ್ಕಳು ಅದನ್ನೇ ಹತ್ತು ಸಲ ಒದರಿದರು.

ಅಷ್ಟರಲ್ಲಿ ಕೆಂಚವ್ವ ಬಂದು ನಿಚ್ಚಣಿಕೆಯನ್ನು ಹೆಗಲಿಗೇರಿಸಿದಳು.

“ಕೆಂಚವ್ವಾ, ನಾ ಮ್ಯಾಲದೀನಿ.”

“ಕಾಣಸ್ತದ್ರಿ. ಕುಂದರ್ರಿ, ಗಾಳಿ ಛಲೋ ಬರ್ತದ. ನಮ್ಮ ಮಾಳಗಿ ಸೋರಾಕ ಹತ್ತೇತಿ, ನಾಕು ಬುಟ್ಟಿ ಮಣ್ಣು ಹಾಕಿ ತಂದುಕೊಡ್ತೀನಿ.”

ಜಿಗಿಯೋಣವೆಂದರೆ ಒಂದು ಬದಿಗೆ ಪಾಪಾಸುಕಳ್ಳಿ, ಇನ್ನೊಂದು ಬದಿಗೆ ಹಾಸುಗಲ್ಲು. ಹವಾಲ್ದಾರ ಕೆಳಗೆ ನಿಂತು, “ಕಳ್ಳಿ ಕಡೆ ಜಿಗೀರಿ, ಮೆತ್ತಗೈತಿ” ಎಂದು ಹುಕುಂ ಕೊಟ್ಟ. ದಾರಿಯಲ್ಲಿ ಹೋಗುತ್ತಿದ್ದ ಬಾಬಾಸಾಬ, “ಮನ್ಯಾಗ ಏನರ ಜಗಳೇನ್ರಿ? ಇಳೀರಿ, ಎಲ್ಲಾ ಸರಿಹೋಕ್ಕೈತಿ” ಎಂದು ಕಣ್ಣೀರು ತಂದುಕೊಂಡ.

ಬಸ್ಸು ಅಂದೇ ಹೊತ್ತಿಗೆ ಸರಿಯಾಗಿ ಬಂತು. ಸಾಹೇಬರು ಅಂಗಳಕ್ಕೆ ಬಂದು, “ನಿಮ್ಮ ಮಾಸ್ತರ ಎಲ್ಲಿ?” ಎಂದರು.

“ಪರ್ಚ್ ಆಗ್ಯಾರ್ರೀ” ಎಂದು ಇಡೀ ತರಗತಿ ಗೋಡೆಯತ್ತ ಕೈ ತೋರಿಸಿತು.

ಸಾಹೇಬರು ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಮಾಸ್ತರರು ಕಣ್ಣು ಮುಚ್ಚಿದರು. ನೌಕರಿ ಹೋಯಿತೆಂದೇ ಅನಿಸಿತು.

“ಇಪ್ಪತ್ತು ವರ್ಷ ಸಾಲಿ ನೋಡಿದೆ. ಒಂದು ಶಬ್ದಾ ಕಲಸಾಕ ಗ್ವಾಡಿ ಏರಿದ ಮಾಸ್ತರನ್ನ ಇವತ್ತ ನೋಡಿದೆ ನೋಡ್ರಿ” ಎಂದರು ಸಾಹೇಬರು.

ನಿಚ್ಚಣಿಕೆ ಬಂತು. ಇಳಿದವರೇ ಮಾಸ್ತರರು ಅರ್ಜಿ ಕೊಟ್ಟರು. ಸಾಹೇಬರು ಓದಿದರು, ನಕ್ಕರು, ಅದರ ಮೇಲೆಯೇ ಎರಡು ಸಾಲು ಗೀಚಿದರು. ಆ ಸಾಲುಗಳನ್ನೇ ತಪಾಸಣೆ ಪುಸ್ತಕದಲ್ಲೂ ಇಳಿಸಿ, ಬೆನ್ನು ತಟ್ಟಿ, ಅರ್ಜಿಯೊಂದಿಗೆ ಮರಳಿ ಬಸ್ಸು ಹತ್ತಿದರು.

“ಕೆಲಸ ಆತ್ರಿ ಮಾಸ್ತರ, ಮಿರ್ಚಿ ಭಜಿ ತರಸ್ರಿ. ಏನ್ ಬರದಾರ?” ಎಂದ ಹವಾಲ್ದಾರ.

ಪುಸ್ತಕ ತೆರೆದರು. ‘ವೆಲ್ ಪರ್ಚ್ಡ್ ಹಿಯರ್. ಡು ನಾಟ್ ಡಿಸ್ಟರ್ಬ್.’ ಈ ಸಲ ಮಾಸ್ತರರಿಗೆ ಡಿಕ್ಷನರಿ ಬೇಕಾಗಲಿಲ್ಲ.

“ಗುಬ್ಬಿ ಇಲ್ಲೇ ಛಲೋ ಕುಂತೈತಿ, ಎಬ್ಬಸಬ್ಯಾಡ್ರಿ ಅಂತ ಬರದಾರ” ಎಂದರು.

ಆ ಶನಿವಾರ ಮೂರು ಬಸ್ಸು ಬದಲಿಸಿ ಮೊರಬಕ್ಕೆ ಹೋದದ್ದೂ ಕಾಕಾನೇ.