ಆಕಳಿಸಿದರೆ ಏಳುವ ಕೈ

ಕಳೆದ ಶ್ರಾವಣದ ಎರಡನೇ ಸೋಮವಾರ ಮಧ್ಯಾಹ್ನ, ಮನೋಳಿಯಲ್ಲಿ ನಮ್ಮ ಕಾಕುವಿನ, ಅಂದರೆ ಚಿಕ್ಕಮ್ಮನ, ಸತ್ತುಹೋಗಿದ್ದ ಎಡಗೈ ತಾನಾಗಿ ಎದ್ದು ಗಾಳಿಯಲ್ಲಿ ನಿಂತಿತು. ಅದಕ್ಕೂ ಮೂರು ತಿಂಗಳ ಹಿಂದೆ ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅವರಿಗೆ ಲಕ್ವಾ ಹೊಡೆದಿತ್ತು. ಕೈ ಎದ್ದಾಗ ಕಾಕು ಮಾಡುತ್ತಿದ್ದುದು ಇಷ್ಟೇ: ಆಕಳಿಸುತ್ತಿದ್ದರು.

ಹೆಂಡತಿಯ ಆಕಳಿಕೆಗೆ ವಹಿ ಇಟ್ಟು ಬರೆದವರು ಈ ಭೂಮಿಯ ಮೇಲೆ ನಮ್ಮ ಕಾಕಾ ಒಬ್ಬರೇ ಇರಬೇಕು! ಮೂವತ್ತು ವರ್ಷ ಕಾಲುವೆಯ ಗೇಟು ತಿರುಗಿಸಿ ನಿವೃತ್ತರಾದವರು. ಹೆಂಡತಿಯ ಮೆದುಳನ್ನೂ ಕಾಲುವೆಯಂತೆಯೇ ಓದಿದರು.

"ದೊಡ್ಡ ಕಾಲುವಿ ಹೂಳು ತುಂಬೇತಿ. ಆದ್ರ ರಕ್ತ ಸುಮ್ಮ ಕುಂಡ್ರತೈತೇನು? ಬಾಜೂಕ ದಾರಿ ಮಾಡಾಕ ಹತ್ತೇತಿ!"

ಒಬ್ಬರು ಆಕಳಿಸಿದರೆ ಇನ್ನೊಬ್ಬರಿಗೂ ಬರುತ್ತದಲ್ಲವೇ? ದಿನಾ ಊಟವಾದ ಮೇಲೆ ಓಣಿಯವರನ್ನು ಕರೆದು ಕಾಕುವಿನ ಮಂಚದ ಮುಂದೆ ಸಾಲಾಗಿ ಕೂರಿಸತೊಡಗಿದರು. "ಕುಂಡ್ರಿ, ಆಕಳಸ್ರಿ!" ಆರು ಬಾಯಿ ಸದ್ದಿಲ್ಲದೆ ತೆರೆಯುತ್ತಿದ್ದವು. ಏಳನೆಯದು ಕಾಕುವಿನದು. ಆಗ ಸೆರಗಿನಡಿಯಿಂದ ಆ ಕೈ ನಿಧಾನವಾಗಿ ಮೇಲೇಳುತ್ತಿತ್ತು, ಬೆರಳು ಅಗಲಿಸಿ, ಯಾರನ್ನೋ ಕರೆಯುವಂತೆ. ಬಾಯಿ ಮುಚ್ಚಿದೊಡನೆ ತೊಪ್ಪನೆ ಬೀಳುತ್ತಿತ್ತು. ಕಾಕಾ ನೀರಿನ ಮಟ್ಟ ಗುರುತಿಸಿದಂತೆ, ಕೈ ಏರಿದ ಎತ್ತರಕ್ಕೆ ಗೋಡೆಗೆ ಸುಣ್ಣದ ಗೆರೆ ಎಳೆಯುತ್ತಿದ್ದರು.

ಪಕ್ಕದ ಮನೆಯ ಮುದುಕಿ ಮೂರೇ ದಿನಕ್ಕೆ ಬರುವುದು ಬಿಟ್ಟಳು. "ಆ ಕೈ ನನ್ನ ಕಡೇನ ತೋರಸ್ತೈತೋ ತಮ್ಮಾ. ನಾ ಇನ್ನೂ ಮೊಮ್ಮಗಳ ಮದಿವಿ ನೋಡಬೇಕು!"

ಕಾಕುವಿಗೂ ಹೆದರಿಕೆ. "ಅದು ನನ್ನ ಕೈ ಅಲ್ರೀ. ನಾ ಎತ್ತೇ ಇಲ್ಲ. ಯಾರೋ ಎತ್ತತಾರ," ಎಂದು ಸೆರಗು ಹೊದಿಸಿ ಮುಖ ತಿರುಗಿಸುತ್ತಿದ್ದರು. ತಮ್ಮದೇ ಕೈಗೆ! ವ್ಯಾಯಾಮಕ್ಕೂ ಅದನ್ನು ಮುಟ್ಟಗೊಡುತ್ತಿರಲಿಲ್ಲ.

ಬೈಲಹೊಂಗಲದ ಡಾಕ್ಟರು ವಹಿಯನ್ನು ಪೂರಾ ಓದಿದರು. "ಆಕಳಿಕಿ ಮೆದುಳಿನ್ಯಾಗ ಬ್ಯಾರೆ ದಾರಿಲೆ ಬರತೈತ್ರಿ. ಇದು ದೆವ್ವ ಅಲ್ಲ, ಆದ್ರ ಗುಣ ಆತು ಅಂತಾನೂ ಅಲ್ಲ. ಅವರು ತಾವಾಗಿ ಎತ್ತಬೇಕು. ದಿನಾ ಆ ಕೈಗೆ ಕೆಲಸ ಕೊಡ್ರಿ."

ಆಕಳಿಕೆಯ ಸಭೆ ಅಂದಿಗೇ ರದ್ದಾಯಿತು. ಮೊದಲೆಲ್ಲ ಕಾಕಾನ ಬೋಳುತಲೆಗೆ ಎಣ್ಣೆ ಹಚ್ಚುತ್ತಿದ್ದವರು ಕಾಕುವೇ. ಈಗ ಕಾಕಾ ಮಂಚದ ಪಕ್ಕ ನೆಲದ ಮೇಲೆ ಕುಳಿತು, ಆ ಕೈಯನ್ನು ತಾವೇ ಎತ್ತಿ ನೆತ್ತಿಯ ಮೇಲಿಟ್ಟುಕೊಂಡು ತಿಕ್ಕಿಕೊಳ್ಳತೊಡಗಿದರು.

"ಬಿಡ್ರಿ, ಅದು ನಂದಲ್ಲ!"

"ಯಾರದರ ಇರಲಿ. ಎಣ್ಣಿ ಹಚ್ಚಾಕ ಏನಾಗೇತಿ?"

ಮೊನ್ನೆ ರವಿವಾರ ನಾನು ಹೋದಾಗ ಕಾಕಾ ಮಂಚಕ್ಕೆ ಒರಗಿ ಕುಳಿತಲ್ಲೇ ನಿದ್ದೆ ಹೋಗಿದ್ದರು. ಕಾಕುವಿನ ಸೆರಗು ಅಲುಗಿತು. ಕೈ ಹೊರಬಂತು. ಗೋಡೆಯ ಮೇಲಿನ ತೀರಾ ಕೆಳಗಿನ ಗೆರೆಯವರೆಗೂ ಅದು ಏರಲಿಲ್ಲ. ಕಾಕಾನ ನೆತ್ತಿಯವರೆಗೆ ಏರಿ, ಅಲ್ಲಿ ನಿಂತಿತು. ಎರಡು ಬೆರಳು ಮೆಲ್ಲಗೆ ಉಜ್ಜಿದವು.

ನಾನು ಕಾಕುವಿನ ಮುಖ ನೋಡಿದೆ. ಬಾಯಿ ಮುಚ್ಚಿತ್ತು.