ಶಾಂತಮ್ಮನಿಗೆ ಸೆಖೆ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ, ತುಳಸಿಗೆ ನೀರು ಹಾಕಿದೆ, ಅತ್ತೆಗೆ ಬಿಪಿ ಮಾತ್ರೆ ಕೊಟ್ಟೆ, ಬಟ್ಟೆ ಒಣಹಾಕಿದೆ, ಶಾಂತಮ್ಮನ ತೊಟ್ಟಿಗೆ ಥರ್ಮಾಮೀಟರ್ ಇಟ್ಟು ನೋಡಿದೆ. ಮನೆಯವರಿಗೆ ಜ್ವರ ಬಂದರೆ ಹಣೆ ಮುಟ್ಟಿ ‘ಏನಿಲ್ಲ, ಎದ್ದೇಳು’ ಎನ್ನುವ ಹೆಂಗಸು ನಾನು.

ಶಾಂತಮ್ಮ ನಮ್ಮ ನೆಂಟಳಲ್ಲ. ಮಗಳು ಸಾಕಿರುವ ಆಕ್ಸೊಲಾಟಲ್ ಎಂಬ ಜೀವಿ. ಮೀನಿನಂತೆ ನೀರಲ್ಲೇ ಇದ್ದರೂ ನಾಲ್ಕು ಕಾಲಿವೆ, ಕತ್ತಿನ ಸುತ್ತ ಗುಲಾಬಿ ಕುಚ್ಚುಗಳಿವೆ. ಏನು ಮಾಡಿದರೂ ನಗುಮುಖ, ಅದಕ್ಕೇ ಆ ಹೆಸರು. ಗೆಳತಿಯ ಮದುವೆಗೆಂದು ಧಾರವಾಡಕ್ಕೆ ಹೊರಟ ಮಗಳು, “ಅಮ್ಮಾ, ನೀರು ಇಪ್ಪತ್ತು ಡಿಗ್ರಿ ದಾಟಿದ್ರೆ ಅದು ಉಳಿಯಲ್ಲ” ಎಂದು ಹೇಳಿ ಬಸ್ಸು ಹತ್ತಿದಳು. ಈ ಏಪ್ರಿಲ್‌ನಲ್ಲಿ ನಮ್ಮ ಅಟ್ಟೂರಿನಲ್ಲಿ ನಲ್ಲಿಯ ನೀರೇ ಕಾಫಿಗೆ ಅರ್ಧ ಸಿದ್ಧವಾಗಿ ಬರುತ್ತದೆ.

ಉಪಾಯವೆಂದರೆ ನೀರು ತುಂಬಿದ ಬಾಟಲಿಗಳನ್ನು ಫ್ರೀಜರಿನಲ್ಲಿ ಗಟ್ಟಿಯಾಗಿಸಿ ತೊಟ್ಟಿಯಲ್ಲಿ ತೇಲಿಬಿಡುವುದು. ಆದರೆ ಅತ್ತೆಯ ಕಾನೂನು ಬೇರೆ, ಅವರ ಲೆಕ್ಕದಲ್ಲಿ ಶಾಂತಮ್ಮ ಬರೀ ಹಲ್ಲಿ. “ಹಲ್ಲಿ ಮುಟ್ಟಿದ ಬಾಟ್ಲಿ ದೋಸೆಹಿಟ್ಟಿರೋ ಫ್ರಿಜ್ಜಿಗೆ ಬರ್ಕೂಡ್ದು ಕಣೇ.” ತೊಳೆದಿದ್ದೇನೆ ಎಂದೆ. “ಹಲ್ಲೀನೂ ದಿನಾ ನೀರಲ್ಲೇ ಇರತ್ತಲ್ಲ, ಹಲ್ಲಿ ಅಲ್ಲ ಅಂತೀಯಾ?” ಎಂದರು. ಹಾಗಾಗಿ ಬಾಟಲಿಗಳಿಗೆ ಮೇಲಿನ ಮನೆಯ ಶಾಹೀನಳ ಫ್ರೀಜರಿನಲ್ಲಿ ಜಾಗ ಸಿಕ್ಕಿತ್ತು, ನನಗೆ ದಿನವೂ ಮೆಟ್ಟಿಲು ಹತ್ತಿಳಿಯುವ ವ್ಯಾಯಾಮ.

ಇವತ್ತು ತಿಂಡಿಯ ಹೊತ್ತಿಗೇ ಕರೆಂಟು ಹೋಯಿತು. ಮಧ್ಯಾಹ್ನಕ್ಕೆ ಶಾಹೀನಳೇ ಬಾಟಲಿ ಹಿಡಿದು ಇಳಿದು ಬಂದಳು. “ಎಲ್ಲಾ ಕರಗಿಹೋಯ್ತು ಅಕ್ಕಾ, ನನ್ ಐಸ್‌ಕ್ರೀಮೂ ಸೇರಿ.” ಥರ್ಮಾಮೀಟರ್ ಏರುತ್ತಿತ್ತು. ಶಾಂತಮ್ಮ ತಿನ್ನಲು ಹಾಕಿದ ಎರೆಹುಳುವನ್ನು ಮೂಸಿಯೂ ನೋಡಲಿಲ್ಲ. ಬಾಲದ ತುದಿ ಸುರುಳಿ ಸುತ್ತಿಕೊಂಡು, ಮತ್ತೆ ಮತ್ತೆ ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ನಗುಮುಖ ಮಾತ್ರ ಹಾಗೇ ಇತ್ತು, ಅದೇ ನೋಡಲಾಗಲಿಲ್ಲ. ನಾಳೆ ಮಗಳು ಬಂದರೆ ಏನು ಹೇಳಲಿ?

ಯುಪಿಎಸ್‌ನಲ್ಲಿ ಓಡುವ ಟೇಬಲ್ ಫ್ಯಾನು ಒಂದೇ, ಅದು ಅತ್ತೆಯ ಮುಂದೆ. ಹೆದರುತ್ತಲೇ ಕೇಳಿದೆ.

“ನಾನು ಬೇಯ್ಲಿ, ಅದಕ್ಕೆ ಗಾಳಿ ಹಾಕು” ಎಂದು ಗೊಣಗುತ್ತಲೇ ಎದ್ದು ಬಂದು ತೊಟ್ಟಿಗೆ ಬಗ್ಗಿದರು. ಆಮೇಲೆ ಒಳಗೆ ಹೋಗಿ ತಮ್ಮ ಹಳೇ ಹತ್ತಿ ಸೀರೆಯನ್ನು ನೆನೆಸಿ ತಂದರು. “ನೀರಿನ ಮಡಕೆಗೆ ಸುತ್ತಲ್ವಾ, ಹಾಗೆ ಸುತ್ತು. ಫ್ಯಾನ್ ಇತ್ಲಾಗ್ ತಿರುಗ್ಸು.”

ಒದ್ದೆ ಸೀರೆ, ಮೇಲಿಂದ ಗಾಳಿ. ಸಂಜೆಯ ಹೊತ್ತಿಗೆ ಪಾದರಸ ಮೆಲ್ಲಗೆ ಇಳಿಯಿತು. ಬಾಲವೂ ನೆಟ್ಟಗಾಯಿತು. ಕರೆಂಟು ಬಂದಾಗ ಅತ್ತೆ ತೀರ್ಪು ಕೊಟ್ಟರು: “ಬಾಟ್ಲಿ ಹತ್ರಾನೇ ಇರ್ಬೇಕು. ಎಲ್ಲಾ ನಮ್ಮಲ್ಲೇ ಇಡು. ಹಿಟ್ಟನ್ನ ಮೇಲಕ್ಕೆ ಕೊಟ್ಬಾ.” ಕಾನೂನು ಮುರಿಯಲಿಲ್ಲ ನೋಡಿ, ಹಿಟ್ಟು ಮಾತ್ರ ಮನೆ ಬದಲಿಸಿತು.

“ಹಿಟ್ಟು ವಾಪಸ್ ಬರೋ ಗ್ಯಾರಂಟಿ ಇಲ್ಲ ಅಕ್ಕಾ, ಮಕ್ಕಳು ಹಸ್ಕೊಂಡಿದಾರೆ” ಎಂದಳು ಶಾಹೀನ. ಬರಲೂ ಇಲ್ಲ.

ನಾವು ಮೊಸರನ್ನ, ಸೌತೆಕಾಯಿ ತಿಂದೆವು. ಶಾಂತಮ್ಮ ಒಂದು ಎರೆಹುಳು ತಿಂದಳು. ಯಾರು ಮೊದಲು ಮಲಗಿದರೆಂದು ಹೇಳುವುದು ಕಷ್ಟ, ಅವಳಿಗೆ ಕಣ್ಣಿನ ರೆಪ್ಪೆಯೇ ಇಲ್ಲ. ನಾನಂತೂ ತೊಟ್ಟಿಯ ಪಕ್ಕ ಎಚ್ಚರವಾಗಿ ಕಾವಲು ಕೂತಿದ್ದೆ. ನನ್ನ ಗೊರಕೆಗೆ ಶಾಂತಮ್ಮ ಕಲ್ಲಿನ ಹಿಂದೆ ಅವಿತುಕೊಂಡಳು ಎಂದು ಅತ್ತೆ ಹೇಳುತ್ತಿದ್ದಾರೆ.