ಬೀಸುಕಲ್ಲು, ಬೆನ್ನು ಮತ್ತು ಬೀಗರು

ಮಧುಗಿರಿ ಪೇಟೆಯಲ್ಲಿ ಯಾರ ಬೆನ್ನು ಹಿಡಿದುಕೊಂಡರೂ ಅವರು ಮೊದಲು ಬರಬೇಕಾದದ್ದು ನನ್ನ ದಿನಸಿ ಅಂಗಡಿಗೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಡಾಕ್ಟರು ಕೊಡುವ ಬಣ್ಣದ ನೀರು ನನ್ನ ಹೊಸ್ತಿಲು ದಾಟಕೂಡದು. ಸೊಪ್ಪು, ಎಣ್ಣೆ, ಕಾವು ಇಷ್ಟಿದ್ದರೆ ಮನುಷ್ಯರ ಬೆನ್ನುಮೂಳೆಯ ಸಾಮ್ರಾಜ್ಯವನ್ನೇ ಆಳಿಬಿಡುತ್ತೇನೆ ಎಂಬುದು ನನ್ನ ಪ್ರತಿಜ್ಞೆ. ಉಪ್ಪು ಕೊಳ್ಳಲು ಬಂದವರಿಗೂ ಎಕ್ಕದ ಎಲೆಯ ಗುಣಗಾನ ಮಾಡಿಯೇ ಕಳಿಸುತ್ತಿದ್ದೆ. ನನಗೆ ಮಾತ್ರ ಹುಟ್ಟಿದಾಗಿನಿಂದ ಬೆನ್ನುನೋವು ಎಂದರೇನೆಂದು ಗೊತ್ತಿರಲಿಲ್ಲ. ವೈದ್ಯನಿಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇಕೆ ಎಂದುಕೊಂಡಿದ್ದೆ.

ಯುದ್ಧದ ಕಾಲ ಅದು. ಒಂದು ದಿನ ನಮ್ಮ ಮಗಳು ಇಂದ್ರಮ್ಮನನ್ನು ನೋಡಲು ಪಟ್ಟನಾಯಕನಹಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ನಾಗಲಿಂಗಯ್ಯ ಸಿರಾದಲ್ಲಿ ಸ್ಕೂಲ್ ಮೇಷ್ಟ್ರು. ತಂದೆ ಬಸವಲಿಂಗಯ್ಯ, ತಾಯಿ ಬಸವಮ್ಮ, ಮರ್ಯಾದಸ್ಥ ಮನೆತನ. ಇದಕ್ಕೂ ಮೊದಲು ಬಂದಿದ್ದವರೊಬ್ಬರು "ಹುಡುಗಿ ಸರಿ, ಅವರಪ್ಪನ ಮಾತು ಜಾಸ್ತಿ" ಎಂದು ಎದ್ದು ಹೋಗಿದ್ದರು. ಆದ್ದರಿಂದ ನನ್ನ ಹೆಂಡತಿ ಕಮಲಾಕ್ಷಮ್ಮ ಬೆಳಿಗ್ಗೆಯೇ ಅಪ್ಪಣೆ ಕೊಡಿಸಿದ್ದಳು.

"ಈ ಸಂಬಂಧ ತಪ್ಪಿದ್ರೆ ಇನ್ನು ನಾನು ಯಾರ ಮುಂದೂ ಮುಖ ತೋರ್ಸಲ್ಲ. ನೀವು ನೆಟ್ಟಗೆ ಕೂತ್ಕಳಿ, ಕೇಳಿದ್ದಕ್ಕೆ ಮಾತ್ರ ಹ್ಞೂಂ ಅನ್ನಿ."

ಪಡಸಾಲೆಯಲ್ಲಿ ಜಮಖಾನ ಹಾಸಬೇಕಾಗಿತ್ತು. ಮೂಲೆಯಲ್ಲಿ ಬೀಸುಕಲ್ಲು ಕೂತಿತ್ತು, ಯಾರಿಗೂ ಜಾಗ ಬಿಡದ ಹಿರಿಯರ ಹಾಗೆ.

"ಅಂಗಡಿಯಿಂದ ತಿಪ್ಪಯ್ಯನ್ನ ಕರೆಸ್ತೀನಿ. ಇಬ್ರೂ ಹಿಡ್ಕಂಡು ಎತ್ತಿ," ಅಂದಳು.

"ರಾಗಿ ಮೂಟೆ ಎತ್ತಿದ ಮೈ ಕಣೇ ಇದು. ಒಂದು ಬೀಸುಕಲ್ಲಿಗೆ ಇಬ್ರಾ?"

"ಮೂಟೆ ಎತ್ತಿದ್ದು ತಿಪ್ಪಯ್ಯ. ನೀವು ಎಣಿಸ್ತಿದ್ರಿ."

ಈ ಮಾತು ಕೇಳಿದ ಮೇಲೆ ಗಂಡಸಾದವನು ಸುಮ್ಮನಿರುವುದು ಹೇಗೆ? ಪಂಚೆ ಎತ್ತಿ ಕಟ್ಟಿ, ಬಾಗಿ, ಕೆಳಗಲ್ಲನ್ನು ತಬ್ಬಿಕೊಂಡೆ. ಕಲ್ಲು ಅಲ್ಲಾಡಲಿಲ್ಲ. ಇನ್ನೊಂದು ಸಲ ಉಸಿರು ಬಿಗಿ ಹಿಡಿದು ಎತ್ತಿದೆ. ಆಗಲೂ ಕಲ್ಲು ಇದ್ದಲ್ಲೇ ಇತ್ತು. ನನ್ನೊಳಗೆ ಎಲ್ಲೋ 'ಕಟಕ್' ಎಂದಿತು. ಅಷ್ಟೆ. ಕೈಮುಗಿಯಲು ಬಾಗಿದವನು ಏಳುವುದನ್ನೇ ಮರೆತಂತೆ ಅರ್ಧಕ್ಕೇ ನಿಂತುಬಿಟ್ಟೆ.

"ಏನಾಯ್ತು?" ಅಂದಳು.

"ಏನಿಲ್ಲ. ನೆಲ ನೋಡ್ತಿದ್ದೀನಿ."

"ಏನೈತೆ ನೆಲದಾಗೆ?"

"ಇನ್ಮುಂದೆ ನನಗೆ ಕಾಣೋದು ಅದೊಂದೇ ಅನ್ಸುತ್ತೆ."

ಅವಳಿಗೆ ಅರ್ಥವಾಯಿತು. "ಅಯ್ಯೋ, ಅವರು ಬರೋ ಹೊತ್ತಾಯ್ತಲ್ರೀ. ಆಸ್ಪತ್ರೆ ಡಾಕ್ಟರಿಗೆ ಹೇಳಿ ಕಳಿಸ್ಲಾ?"

"ಊರಿಗೆಲ್ಲ ಸೊಪ್ಪು ಹೇಳಿದೋನು ಡಾಕ್ಟರ ಮುಂದೆ ಬಗ್ಗಿ ನಿಲ್ಲೋದಾ?"

"ಬಗ್ಗೇ ಇದ್ದೀರಲ್ಲ."

ನನ್ನ ವೈದ್ಯವನ್ನು ನನಗೇ ಮಾಡುವಂತೆ ಆಜ್ಞಾಪಿಸಿದೆ. ಅವಸರವಿಲ್ಲ ಎಂದು ಧೈರ್ಯವನ್ನೂ ಹೇಳಿದೆ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದ ದಿನಗಳು. ಸಿರಾ ಬಸ್ಸು ಬಡವನಹಳ್ಳಿಯ ಹತ್ತಿರ ಉಸಿರು ಕಟ್ಟಿ ನಿಂತು, ಜನರಿಂದ ತಳ್ಳಿಸಿಕೊಂಡು, ಸಂಜೆಗೆ ಮುಂಚೆ ಮಧುಗಿರಿ ಮುಟ್ಟಿದ್ದನ್ನು ಕಂಡವರಿರಲಿಲ್ಲ.

ಅವಳೂ ಮಗಳೂ ಸೇರಿ ಕಲ್ಲು ಬಿಟ್ಟು ಉಳಿದ ಜಾಗಕ್ಕೆ ಜಮಖಾನ ಹಾಸಿ, ನನ್ನನ್ನು ಪಡಸಾಲೆಯ ನಡುವೆ ಚಾಪೆಯ ಮೇಲೆ ಬೋರಲು ಮಲಗಿಸಿದರು. ಮೊದಲು ಉಪ್ಪು ಮತ್ತು ರಾಗಿ ಹೊಟ್ಟನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕಾವು ಕೊಡುವುದು. ಗಂಟು ಬೆನ್ನಿಗೆ ತಗುಲಿದ ಕೂಡಲೇ ನಾನು ಹಾಕಿದ ಕೂಗಿಗೆ ಪಕ್ಕದ ಮನೆಯ ಎಮ್ಮೆ ಉತ್ತರ ಕೊಟ್ಟಿತು.

"ಸುಡ್ತದೆ ಕಣೇ!"

"ತಡೆಯಕ್ಕಾಗದಷ್ಟು ಬಿಸಿ ಇರ್ಬೇಕು ಅಂತ ಊರಿಗೆಲ್ಲ ಹೇಳ್ತಿದ್ದೋರು ಯಾರು?"

ಪತಿಯ ಮಾತನ್ನು ಅವಳು ಅಷ್ಟು ನಿಷ್ಠೆಯಿಂದ ಪಾಲಿಸಿದ್ದು ಅದೇ ಮೊದಲು. ಆಮೇಲೆ ಹೊಂಗೆ ಎಣ್ಣೆ. ಮನೆಯೆಲ್ಲ ಗಾಡಿಯ ಕೀಲೆಣ್ಣೆಯ ಹಾಗೆ ನಾರತೊಡಗಿತು. ಅದರ ಮೇಲೆ ಶುಂಠಿ, ಮೆಣಸು ಅರೆದ ಪಟ್ಟು. ಬೆಂದ ಚರ್ಮಕ್ಕೆ ಮೆಣಸು ತಗುಲಿದಾಗ ಯೂರೋಪಿನ ಯುದ್ಧದ ಒಂದು ತುಕಡಿ ದಾರಿ ತಪ್ಪಿ ನನ್ನ ಬೆನ್ನಿನ ಮೇಲೆ ಬಂದಿಳಿಯಿತು. ಕೊನೆಗೆ ಹರಳೆಣ್ಣೆ ಸವರಿ ಬಾಡಿಸಿದ ಎಕ್ಕದ ಎಲೆಗಳನ್ನು ಹೊದಿಸಿ, ತನ್ನ ಹಳೆಯ ಸೀರೆಯಿಂದ ಸುತ್ತಿ ಕಟ್ಟಿದಳು. ಎಲೆಯಲ್ಲಿ ಸುತ್ತಿಟ್ಟ ಕಡುಬಿನಂತೆ ನಾನು ಒಳಗೊಳಗೇ ಬೇಯುತ್ತಿದ್ದೆ. ನೋವು ಮಾತ್ರ ಇದ್ದಲ್ಲೇ ಕೂತು ಇದನ್ನೆಲ್ಲ ನೋಡುತ್ತಿತ್ತು.

ಅಷ್ಟರಲ್ಲಿ ಬೀದಿಯಲ್ಲಿ ಗಂಡಸೊಬ್ಬರ ದನಿ. "ದಿನಸಿ ಅಂಗಡಿ ಚನ್ನಮಲ್ಲಯ್ಯನೋರ ಮನೆ ಇದೇನಾ?"

ಮೈಸೂರು ಸೀಮೆಯ ಚರಿತ್ರೆಯಲ್ಲಿ ಎಂದೂ ಆಗದ್ದು ಅಂದು ಆಗಿತ್ತು. ಬಸ್ಸು ವೇಳೆಗೆ ಸರಿಯಾಗಿ ಬಂದಿತ್ತು.

ನನ್ನನ್ನು ಎತ್ತಿ ಒಳಗೆ ಹಾಕಲು ಹೊತ್ತಿಲ್ಲ. ಕಮಲಾಕ್ಷಮ್ಮ ಕತ್ತಿನ ತನಕ ಕಂಬಳಿ ಎಳೆದು, "ಉಸಿರೆತ್ತಬೇಡಿ" ಎಂದಳು. ಇಂದ್ರಮ್ಮ ಅಡುಗೆಮನೆಗೆ ಓಡಿದಳು. ಬೋರಲು ಮಲಗಿದವನಿಗೆ ಹೊಸ್ತಿಲಿಗೆ ಬಂದ ಕಾಲುಗಳಷ್ಟೇ ಕಂಡವು. ಮುಂದೆ ಧೂಳು ಮೆತ್ತಿದ ಚಡಾವು ಜೋಡು, ಹಿಂದೆ ದಪ್ಪ ಕಾಲುಂಗುರ, ಅದರ ಹಿಂದೆ ಹೊಳೆಯುವ ಬೂಟುಗಳು. ಕೈಗಳೆರಡನ್ನೂ ತಲೆಯ ಮುಂದೆ ಚಾಚಿಕೊಂಡಿದ್ದೆ, ಹಾಗಿದ್ದರೆ ನೋವು ಕಡಿಮೆ ಎಂದು.

ಚಡಾವು ಗಕ್ಕನೆ ನಿಂತಿತು. "ಅಯ್ಯೋ ಶಿವನೇ! ಏಳಿ ಸ್ವಾಮಿ, ಏಳಿ. ಹೆಣ್ಣು ಹೆತ್ತೋರು ಅಂತ ಇಷ್ಟೊಂದು ತಗ್ಗಬಾರದು."

ನಾನು ಉದ್ದಂಡ ನಮಸ್ಕಾರ ಹಾಕಿದ್ದೇನೆ ಎಂದುಕೊಂಡಿದ್ದರು ಬಸವಲಿಂಗಯ್ಯ. ಏನು ಹೇಳಲಿ? "ಪರವಾಗಿಲ್ಲ, ತಾವು ಕೂತ್ಕಳಿ," ಎಂದೆ ನೆಲಕ್ಕೆ.

"ನೀವು ಏಳೋಗಂಟ ನಾನು ಕೂರಲ್ಲ."

"ನನಗೆ ಹಿಂಗೇ ಸುಖ."

ಇಂಥ ವಿನಯವನ್ನು ಆ ಮನೆತನ ಕಂಡಿರಲಿಲ್ಲ. ಬಸವಲಿಂಗಯ್ಯ ಮರ್ಯಾದೆಗೆ ಕಟ್ಟುಬಿದ್ದು, ಚಡಾವು ಕಳಚಿ ಒಳಗೆ ಬಂದು, ತಾವೂ ಬಗ್ಗಿ ನನ್ನ ತೋಳು ಹಿಡಿದೆತ್ತಲು ನೋಡಿದರು. ನಾನು ಚೀರಿದೆ. ಕಂಬಳಿ ಜಾರಿತು. ಸೀರೆಯೂ ಸಡಿಲಿ ಎಲೆಗಳು ಒಂದೊಂದಾಗಿ ಹೊರಬಿದ್ದವು.

ದಪ್ಪ ಕಾಲುಂಗುರದ ಮೇಲಿನಿಂದ ಬಸವಮ್ಮನ ದನಿ ಬಂತು. "ನಮಸ್ಕಾರಕ್ಕೆ ಎಕ್ಕದೆಲೆ ಯಾಕ್ರೀ?"

ಕಮಲಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಬಸವಲಿಂಗಯ್ಯ ಕೊನೆಗೂ ಜಮಖಾನದ ಮೇಲೆ ಕೂತರು.

"ಇದಕ್ಕೆ ಸೊಪ್ಪುಸದೆ ಸಾಕಾಗಲ್ಲ. ಕಾಲು ಮುಂದಾಗಿ ಹುಟ್ಟಿರೋರು ಬೆನ್ನಿಗೆ ಒಂದ್ಸಲ ಒದ್ದರೆ ಹಿಡಿದಿದ್ದು ಬುಟ್ಕಂತದೆ. ನಿಡುಗಲ್ಲಿನಾಗೆ ಒಬ್ಬ ಇದ್ದ ಅಂತಾರೆ, ಅಲ್ಲಿಗೆ ಗಾಡಿ ಕಟ್ಕಂಡು ಹೋಗೋರು ಜನ."

ಇಲ್ಲಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ವೈದ್ಯದ ಮಾತು ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ. "ಮಧುಗಿರಿಯಾಗೆ ಅಂಥೋರು ಒಬ್ಬರೂ ಇಲ್ಲ. ಯಾರು ಹೆಂಗೆ ಹುಟ್ಟಿದ್ರು ಅಂತ ಇಡೀ ಪೇಟೆದು ನನಗೆ ಗೊತ್ತು," ಎಂದೆ.

ಅಡುಗೆಮನೆಯ ಬಾಗಿಲ ಹಿಂದಿನಿಂದ ನನ್ನ ಅತ್ತೆ ಕರಿಬಸಮ್ಮನವರ ಮಾತು ಕೇಳಿಸಿತು. "ಮನೇಲೇ ಇಟ್ಕಂಡು ಊರೆಲ್ಲ ಯಾಕೆ ಹುಡುಕ್ತಾರಂತೆ ಅಳಿಯಂದ್ರು?"

"ಅವ್ವಾ!" ಎಂದಳು ಕಮಲಾಕ್ಷಮ್ಮ.

"ಮನೇಲಿ ಯಾರು?" ಎಂದೆ. ಹೆಂಡತಿಯ ಕಾಲಬೆರಳು ನೆಲ ಕೆರೆಯುತ್ತಿತ್ತು. "ನೀನಾ?"

"ನಾನಲ್ಲ. ನಮ್ಮ ಇಂದ್ರ."

ಬೆನ್ನು ಹಿಡಿದಾಗಲೂ ಆಗದ ಆಘಾತ ಆಯಿತು ನನಗೆ. ಹೆತ್ತ ಮಗಳು. ಆಡಿಸಿ ಬೆಳೆಸಿದ ಮಗಳು. ಅವಳು ಈ ಲೋಕಕ್ಕೆ ಯಾವ ದಿಕ್ಕಿನಿಂದ ಕಾಲಿಟ್ಟಳು ಎಂಬುದೇ ಅಪ್ಪನಿಗೆ ಗೊತ್ತಿಲ್ಲ.

"ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳೋದು? ಗೊತ್ತಾಗಿದ್ರೆ ಅಂಗಡಿ ಮುಂದೆ ಬೋರ್ಡು ಬರೆಸ್ತಿದ್ರಿ. ಅಷ್ಟೂ ಹೋಬಳಿಯೋರು ಬಂದು ಒದೆಸ್ಕಂಡು ಹೋಗೋರು. ಊರೋರನ್ನೆಲ್ಲ ಒದ್ದ ಹುಡುಗೀನ ಯಾರು ಮದುವೆ ಆಗ್ತಿದ್ರು?"

ಇಷ್ಟು ಹೇಳಿದ ಮೇಲೆ ಎದುರಿಗೆ ಕೂತವರು ಯಾರೆಂದು ಅವಳಿಗೆ ನೆನಪಾಯಿತು. ಬಾಯಿಗೆ ಸೆರಗು ಹೋಯಿತು. ನಾನು ಕಣ್ಣು ಮಿಟುಕಿಸದೆ ಕಾಲುಂಗುರವನ್ನೇ ನೋಡುತ್ತಿದ್ದೆ. ಆ ಪಾದಗಳು ಎದ್ದವು, ತಿರುಗಿದವು, ನಡೆದವು. ಮುಗಿಯಿತು, ಈ ಸಂಬಂಧವೂ ಹೋಯಿತು ಎಂದುಕೊಂಡು ಕಣ್ಣು ಮುಚ್ಚಿದೆ.

ಪಾದಗಳು ಹೋದದ್ದು ಬೀದಿಬಾಗಿಲಿಗಲ್ಲ, ಅಡುಗೆಮನೆಗೆ.

"ಎಲ್ಲವ್ವಾ ಆ ಹುಡುಗಿ? ಬಾರವ್ವ ಈಚೆಗೆ. ನಿಮ್ಮಪ್ಪ ಬಿದ್ಕಂಡಿದ್ರೆ ನೀನು ಒಳಗೆ ಕೂತಿದ್ದೀಯಲ್ಲ."

ಇಂದ್ರಮ್ಮ ತಲೆ ತಗ್ಗಿಸಿಕೊಂಡು ಬಂದಳು. "ಅಪ್ಪನ ಮೈಗೆ ಕಾಲು ತಗುಲಿಸೋದಾ? ನನ್ನ ಕೈಲಾಗಲ್ಲ," ಎಂದಳು.

"ಒದಿ ಮಗಳೇ," ಎಂದೆ. "ನಾನೇ ಹೇಳ್ತಿದ್ದೀನಿ."

ಅವಳು ಮೊದಲು ನನ್ನ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ಹೂವಿನ ಹಾಗೆ ಒಮ್ಮೆ ಸೋಕಿಸಿದಳು. "ಅದೇನು ಕಸ ಸರಿಸೋದಾ?" ಎಂದರು ಅತ್ತೆ, ಬಾಗಿಲ ಹಿಂದಿನಿಂದ. ಎರಡನೆಯದು ಬಿತ್ತು. ಅದರಲ್ಲಿ ಬರೀ ವೈದ್ಯವಷ್ಟೇ ಇರಲಿಲ್ಲ ಎಂದು ನನಗೆ ಇವತ್ತಿಗೂ ಅನುಮಾನ. ಕಣ್ಣ ಮುಂದೆ ಮಿಂಚು ಹೊಡೆಯಿತು. ಏನಾಯಿತೆಂದು ತಿಳಿಯುವಷ್ಟರಲ್ಲಿ ನಾನು ಎದ್ದು ಕಂಬ ಹಿಡಿದು ನಿಂತಿದ್ದೆ. ನೆಟ್ಟಗೆ. ಅಂದು ಮೊದಲ ಸಲ ಬೀಗರ ಮುಖಗಳನ್ನು ಕಂಡೆ. ಎಲ್ಲರ ಬಾಯಿಯೂ ತೆರೆದಿತ್ತು.

"ನೋಡಿದ್ರಾ?" ಎಂದೆ. "ಎಕ್ಕದೆಲೆ ಈಗ ಕೆಲಸ ಮಾಡ್ತು."

ನನ್ನ ಮಾತನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ನೋಡುತ್ತೇನೆ, ಚಾಪೆ ಖಾಲಿಯಿಲ್ಲ. ರೇಷ್ಮೆ ಸೀರೆಯುಟ್ಟ ಬಸವಮ್ಮನವರು, ಆ ಮರ್ಯಾದಸ್ಥ ಮನೆತನದ ಯಜಮಾನಿ, ನನ್ನ ಹೊಂಗೆ ಎಣ್ಣೆಯ ಚಾಪೆಯ ಮೇಲೆ ಬೋರಲು ಮಲಗಿದ್ದಾರೆ.

"ಈ ಎಡಗಡೆ ಒಸಿ ನೋಡವ್ವ. ನೀರಿನ ಕೊಡ ಎತ್ತಿ ಎತ್ತಿ ಸತ್ತೋಗಿದ್ದೀನಿ."

ಕಮಲಾಕ್ಷಮ್ಮ ಗೋಡೆಗೆ ಒರಗಿದಳು. ಗಂಡಿನ ತಾಯಿಯನ್ನು ಹೆಣ್ಣು ಒದೆಯುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಇಂದ್ರಮ್ಮ ಅವರಿಗೂ ನಮಸ್ಕರಿಸಿ, ಮೆಲ್ಲಗೆ ತುಳಿದು, ಕೊನೆಗೊಂದು ಒದೆ ಕೊಟ್ಟಳು. ಬಸವಮ್ಮ "ಹಾ..." ಎಂದು ಉದ್ದಕ್ಕೆ ಉಸಿರುಬಿಟ್ಟು, ಮಲಗಿದಲ್ಲಿಂದಲೇ ಗಂಡನಿಗೆ ಹೇಳಿದರು. "ಲಗ್ನ ಇಡಿಸ್ಬುಡಿ."

"ಹಂಗಾದ್ರೆ ಹುಡುಗಿ ಒಪ್ಪಿಗೆ ಆಯ್ತಾ ತಾಯಿ?" ಎಂದೆ ನಾನು, ನಂಬಲಾರದೆ.

"ಮುಖ ಇನ್ನೂ ಸರಿಯಾಗಿ ನೋಡಿಲ್ಲ ಸ್ವಾಮಿ. ಬೆನ್ನು ಒಪ್ಕಂಡೈತೆ."

ಬಾಗಿಲಲ್ಲಿ ಬೂಟು ಬಿಚ್ಚಿ ಬಂದು ಅಷ್ಟು ಹೊತ್ತೂ ತನ್ನ ಕಾಲ್ಬೆರಳು ನೋಡುತ್ತ ಕೂತಿದ್ದ ನಾಗಲಿಂಗಯ್ಯ ಗಂಟಲು ಸರಿಮಾಡಿಕೊಂಡ. "ನನ್ನದೇನೂ ಅಡ್ಡಿಯಿಲ್ಲ. ಆದರೆ ಅವರನ್ನೂ ಒಂದು ಮಾತು ಕೇಳಿ."

ಇದು ಆ ದಿನದ ಇನ್ನೊಂದು ಆಘಾತ. ಹೆಣ್ಣನ್ನು ಕೇಳುವ ಪದ್ಧತಿ ನಮ್ಮ ಕಡೆ ಯಾರ ಮನೆಯಲ್ಲೂ ಇರಲಿಲ್ಲ. "ಏನಮ್ಮಾ?" ಎಂದೆ.

"ಬೆಳಿಗ್ಗೆಯಿಂದ ಬರೀ ಬೆನ್ನೇ ನೋಡ್ತಿದ್ದೀನಲ್ಲಪ್ಪ," ಎಂದಳು ಮಗಳು. "ಅವರು ಒಂಚೂರು ತಲೆ ಎತ್ತಿದ್ರೆ ಹೇಳ್ತೀನಿ."

ಮೇಷ್ಟ್ರು ಕಿವಿಯವರೆಗೂ ಕೆಂಪಾಗಿ ತಲೆ ಎತ್ತಿದ. ಅವಳು ನೋಡಿದಳು. ಸಾವಕಾಶವಾಗಿಯೇ ನೋಡಿದಳು. "ಕಾಫಿ ತರ್ತೀನಿ," ಎಂದು ಒಳಗೆ ಹೋದಳು. ಒಳಗಿನಿಂದ ಅಜ್ಜಿಯ ನಗು ಕೇಳಿಸಿತು.

ಎಲ್ಲರೂ ಒಪ್ಪಿದಂತಾಯಿತು. ಮನೆಯ ಯಜಮಾನನ ಒಪ್ಪಿಗೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಾನೇ ಕಂಬ ಬಿಟ್ಟು, ಎದೆ ಮುಂದೆ ಮಾಡಿ, ಗಂಭೀರವಾಗಿ ಹೇಳಿದೆ. "ನನಗೂ ಒಪ್ಪಿಗೆ."

ಬಸವಲಿಂಗಯ್ಯ ಕೋಟು, ರುಮಾಲು ಬಿಚ್ಚಿ ಗೂಟಕ್ಕೆ ನೇತುಹಾಕುತ್ತಿದ್ದರು.

"ಒಂಚೂರು ಆಚೆ ಸರೀರಿ ಬೀಗ್ರೇ," ಎಂದರು. "ಚಾಪೆಗೆ ಅಡ್ಡ ನಿಂತಿದ್ದೀರಿ."